ಗಗನಯಾನದ ದೃಶ್ಯಗಳಿಗೆ ಹಕ್ಕುದಾರರು ಯಾರು?

2025ರ ಜೂನ್ 25ರ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಶುಭಾಂಶು ಶುಕ್ಲಾ ಫ್ಲಾರಿಡಾದಿಂದ ಬಾಹ್ಯಾಕಾಶಕ್ಕೆ ಹಾರಿದರು. ಆ ಯಾತ್ರೆಗೆ ಭಾರತ ಸರ್ಕಾರ ಸುಮಾರು 550 ಕೋಟಿ ರೂಪಾಯಿ ಖರ್ಚು ಮಾಡಿದೆ ಎಂದು ಆಗ ವರದಿಯಾಗಿತ್ತು. ಹಣ ನಮ್ಮದು, ಗಗನಯಾತ್ರಿ ನಮ್ಮವರು, ಅವರು ಅಲ್ಲಿ ನಡೆಸಿದ ಮೆಂತ್ಯ ಮತ್ತು ಹೆಸರುಕಾಳಿನ ಮೊಳಕೆಯ ಪ್ರಯೋಗ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು. ಕ್ಯಾಮೆರಾ ಮಾತ್ರ ನಮ್ಮದಾಗಿರಲಿಲ್ಲ. ರಾಕೆಟ್ ಮತ್ತು ನೌಕೆ ಸ್ಪೇಸ್‌ಎಕ್ಸ್ ಕಂಪನಿಯದು, ಯಾತ್ರೆಯನ್ನು ಏರ್ಪಡಿಸಿದ್ದು ಆಕ್ಸಿಯಮ್ ಸ್ಪೇಸ್, ಜೊತೆಗಿದ್ದದ್ದು ನಾಸಾ. ಅವರು ಹರಿಯಬಿಟ್ಟ ದೃಶ್ಯವನ್ನೇ ದೆಹಲಿಯ ವಾಹಿನಿಗಳೂ ಬೆಂಗಳೂರಿನ ವಾಹಿನಿಗಳೂ ಹಿಡಿದು ತೋರಿಸಿದವು. ಯಾರೂ ತಕರಾರು ತೆಗೆಯಲಿಲ್ಲ, ಏಕೆಂದರೆ ಅದು ಪುಕ್ಕಟೆ ಸಿಕ್ಕಿತು. ಪುಕ್ಕಟೆ ಸಿಕ್ಕಿದ್ದು ಅವರು ಹಾಗೆ ತೀರ್ಮಾನಿಸಿದ್ದರಿಂದ. ನೋಡುಗರಾದ ನಮಗೆ ಅದರ ಮೇಲೆ ಹಕ್ಕೇನೂ ಇರಲಿಲ್ಲ.

ಇಸ್ರೋದ ಗಗನಯಾನ ಯೋಜನೆಯಲ್ಲಿ ಕ್ಯಾಮೆರಾ ನಮ್ಮದೇ ಆಗಿರುತ್ತದೆ. ಪ್ರಶಾಂತ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್ ಮತ್ತು ಶುಕ್ಲಾ ಈ ಯೋಜನೆಯ ಗಗನಯಾತ್ರಿಗಳೆಂದು ಅವರ ಹೆಸರುಗಳು 2024ರ ಫೆಬ್ರುವರಿಯಲ್ಲೇ ಪ್ರಕಟವಾಗಿವೆ. ಮಾನವಸಹಿತ ಹಾರಾಟಕ್ಕೆ 2027ರ ಗುರಿ ಇಟ್ಟುಕೊಳ್ಳಲಾಗಿದೆ. ಅಂಥ ದಿನದ ನೇರಪ್ರಸಾರಕ್ಕೆ, ಅದರ ಹಿಂದುಮುಂದಿನ ಸಾಕ್ಷ್ಯಚಿತ್ರಗಳಿಗೆ, ಗಗನಯಾತ್ರಿಗಳ ಮನೆಯ ಕಥೆಗಳಿಗೆ ಮಾರುಕಟ್ಟೆ ಇದೆ. ಮಾರುಕಟ್ಟೆ ಇದ್ದಲ್ಲಿ ಪಾಲುದಾರಿಕೆಯ ಪ್ರಸ್ತಾಪ ಬಂದೇ ಬರುತ್ತದೆ; ಬೇರೆ ದೇಶಗಳಲ್ಲಿ ಆರು ದಶಕಗಳಿಂದ ಬರುತ್ತಲೇ ಇದೆ. ಸರ್ಕಾರಿ ಸಂಸ್ಥೆ ಯಾತ್ರೆ ನಡೆಸುತ್ತದೆ, ಖಾಸಗಿ ಕಂಪನಿ ಕ್ಯಾಮೆರಾ, ಸ್ಟುಡಿಯೋ, ಹಣ ತರುತ್ತದೆ, ಬದಲಿಗೆ ದೃಶ್ಯದ ಮೇಲೆ ಏನೋ ಒಂದು ಹಕ್ಕು ಪಡೆಯುತ್ತದೆ. ಇಂಥ ಒಪ್ಪಂದ ಸರಿಯೋ ತಪ್ಪೋ ಎಂದು ತಲೆ ಕೆಡಿಸಿಕೊಳ್ಳುವುದು ವ್ಯರ್ಥ. ನೋಡಬೇಕಾದದ್ದು ಆ ‘ಏನೋ ಒಂದು ಹಕ್ಕು’ ಯಾವುದು ಎಂಬುದನ್ನು.

ಅಡಿಕೆ ಸೀಮೆಯವರಿಗೆ ಈ ಬಗೆಯ ವ್ಯವಹಾರ ಹೊಸದಲ್ಲ. ಕೊನೆ ತೆಗೆಸಿ, ಸುಲಿಸಿ, ಬೇಯಿಸಿ, ಒಣಗಿಸಲು ಆಳು ಸಿಗದವರು ತೋಟವನ್ನು ಚೇಣಿಗೆ ಕೊಡುತ್ತಾರೆ. ಚೇಣಿದಾರ ಹಸಿ ಅಡಿಕೆಯನ್ನು ಒಯ್ಯುತ್ತಾನೆ, ಕ್ವಿಂಟಾಲ್ ಹಸಿಗೆ ಇಷ್ಟು ಕಿಲೋ ಒಣ ಅಡಿಕೆ ಎಂಬ ಲೆಕ್ಕದಲ್ಲಿ ವ್ಯವಹಾರ ಮುಗಿಸುತ್ತಾನೆ. ಅವನ ದುಡಿಮೆಗೆ ಅವನ ಲಾಭ. ಆದರೆ ಚೇಣಿಗೆ ಹೋಗುವುದು ಒಂದು ವರ್ಷದ ಫಸಲು. ಪಹಣಿಯಲ್ಲಿ ಹೆಸರು ಬದಲಾಗುವುದಿಲ್ಲ. ಬಾಹ್ಯಾಕಾಶದ ಮಾಧ್ಯಮ ಒಪ್ಪಂದಗಳಲ್ಲಿ ಎಡವಟ್ಟಾದದ್ದೆಲ್ಲ ಫಸಲಿನ ಜೊತೆ ಪಹಣಿಯನ್ನೂ ಕೊಡಲು ಹೋದಾಗ.

ಒಂದು ಪತ್ರಿಕೆಗೆ ಮಾತ್ರ ಮಾತಾಡಿದ ಏಳು ಮಂದಿ

ಮೊದಲ ದೊಡ್ಡ ಒಪ್ಪಂದ ಆದಾಗ ಯಾರೂ ಇನ್ನೂ ಬಾಹ್ಯಾಕಾಶಕ್ಕೆ ಹೋಗಿಯೇ ಇರಲಿಲ್ಲ. 1959ರಲ್ಲಿ ನಾಸಾ ಆರಿಸಿದ ಮರ್ಕ್ಯುರಿ ಯೋಜನೆಯ ಏಳು ಗಗನಯಾತ್ರಿಗಳು ತಮ್ಮ ಮತ್ತು ತಮ್ಮ ಕುಟುಂಬದ ಖಾಸಗಿ ಕಥೆಗಳನ್ನು ‘ಲೈಫ್’ ಪತ್ರಿಕೆಗೆ ಐದು ಲಕ್ಷ ಡಾಲರಿಗೆ ಮಾರಿದರು. ನಾಸಾ ಒಪ್ಪಿಗೆ ಕೊಟ್ಟಿತು. ಕಾರಣ ಇಲ್ಲದಿರಲಿಲ್ಲ: ಇವರು ಸೇನೆಯ ಸಂಬಳದ ಪೈಲಟ್‌ಗಳು, ಮಾಡಲು ಹೊರಟ ಕೆಲಸ ಪ್ರಾಣಕ್ಕೆ ಎರವಾಗುವಂಥದ್ದು, ವಿಮೆಯ ಭದ್ರತೆ ಸಾಲದು. ಆ ದೃಷ್ಟಿಯಿಂದ ನೋಡಿದರೆ ಹೆಂಡತಿ-ಮಕ್ಕಳಿಗೊಂದು ಆಸರೆ.

ಉಳಿದ ಪತ್ರಿಕೆಗಳು ಸಿಟ್ಟಿಗೆದ್ದವು. ಸಾರ್ವಜನಿಕ ಹಣದಿಂದ ನಡೆಯುವ ಕೆಲಸದ ಕಥೆಯನ್ನು ಒಬ್ಬರಿಗೆ ಮಾರುವುದು ಹೇಗೆ ಎಂಬುದು ಅವರ ಪ್ರಶ್ನೆ. ಅಧಿಕೃತ ಉತ್ತರವೂ ಸಿದ್ಧವಿತ್ತು: ಯಾತ್ರೆಯ ವಿವರ ಎಲ್ಲರಿಗೂ, ಮನೆಯ ಕಥೆ ಮಾತ್ರ ಒಬ್ಬರಿಗೆ. ಕಾಗದದ ಮೇಲೆ ಈ ಗೆರೆ ನೇರವಾಗಿಯೇ ಇದೆ. ಆದರೆ ಕಕ್ಷೆಯಲ್ಲಿದ್ದಾಗ ಗಗನಯಾತ್ರಿಗೆ ಆದ ಭಯ ಯಾತ್ರೆಯ ವಿವರವೋ, ಖಾಸಗಿ ಕಥೆಯೋ? ಇನ್ನೊಂದು ತೊಂದರೆ ನಿಧಾನವಾಗಿ ಕಾಣಿಸಿಕೊಂಡಿತು. ಹಣ ಕೊಟ್ಟ ಪತ್ರಿಕೆಗೆ ಆ ಏಳು ಮಂದಿಯನ್ನು ಕಳಂಕವಿಲ್ಲದ ವೀರರಾಗಿ ತೋರಿಸುವುದೇ ಲಾಭ. ಹಾಗೆಯೇ ತೋರಿಸಿತು. ಅವರೂ ಜಗಳವಾಡುವ, ಹೊಟ್ಟೆಕಿಚ್ಚು ಪಡುವ ಮನುಷ್ಯರು ಎಂಬುದು ಅಮೆರಿಕನ್ನರಿಗೆ ಸರಿಯಾಗಿ ತಿಳಿದದ್ದು ವರ್ಷಗಳ ಮೇಲೆ.

ಇದಕ್ಕೆ ಒಂದು ವರ್ಷ ಮೊದಲೇ ಅಮೆರಿಕದ ಸಂಸತ್ತು ನಾಸಾವನ್ನು ಸ್ಥಾಪಿಸುವ ಕಾನೂನಿನಲ್ಲಿ ಒಂದು ಸಾಲು ಬರೆದಿಟ್ಟಿತ್ತು: ತನ್ನ ಚಟುವಟಿಕೆ ಮತ್ತು ಅದರ ಫಲಿತಾಂಶದ ಮಾಹಿತಿಯನ್ನು ಸಾಧ್ಯವಾದಷ್ಟು ವ್ಯಾಪಕವಾಗಿ ಹಂಚುವುದು ಈ ಸಂಸ್ಥೆಯ ಕರ್ತವ್ಯ. ಜೊತೆಗೆ, ಅಲ್ಲಿನ ಕೃತಿಸ್ವಾಮ್ಯ ಕಾನೂನಿನ ಪ್ರಕಾರ ಸರ್ಕಾರಿ ನೌಕರರು ಕರ್ತವ್ಯದ ಭಾಗವಾಗಿ ಮಾಡಿದ ಕೃತಿಗೆ ಕೃತಿಸ್ವಾಮ್ಯವೇ ಇಲ್ಲ. ನಾಸಾ ತೆಗೆದ ಚಿತ್ರಗಳನ್ನು ನಮ್ಮ ಶಾಲಾ ಪಠ್ಯಪುಸ್ತಕದಿಂದ ಹಿಡಿದು ಟೀ ಶರ್ಟಿನವರೆಗೆ ಯಾರು ಬೇಕಾದರೂ ಅಚ್ಚು ಹಾಕಿಸುತ್ತಿರುವುದು ಈ ಕಾರಣದಿಂದಲೇ. ಅಲ್ಲಿ ಮುಂದೆ ಎಷ್ಟೋ ಒಪ್ಪಂದಗಳು ಕೆಟ್ಟರೂ ಪಹಣಿ ಕೈತಪ್ಪದೆ ಉಳಿದದ್ದು ಇವೆರಡರಿಂದ.

ಕೈಯಲ್ಲಿದ್ದರೂ ಜೋಪಾನ ಮಾಡದಿದ್ದರೆ ಹೋಗುತ್ತದೆ ಎನ್ನುವುದಕ್ಕೂ ನಾಸಾದಲ್ಲೇ ಉದಾಹರಣೆಯಿದೆ. 1969ರ ಜುಲೈಯಲ್ಲಿ ಚಂದ್ರನ ಮೇಲಿಂದ ಬಂದ ನೇರ ದೃಶ್ಯವನ್ನು ಸುಮಾರು 60 ಕೋಟಿ ಜನ ನೋಡಿದರು. ಭಾರತದಲ್ಲಿ ಆಗ ಟಿವಿ ಇದ್ದದ್ದು ದೆಹಲಿಯಲ್ಲಿ ಮಾತ್ರ. ಶಿವಮೊಗ್ಗ ಜಿಲ್ಲೆಗೆ ರೇಡಿಯೋ ಮತ್ತು ಮರುದಿನದ ಪತ್ರಿಕೆಯೇ ಗತಿ. ಆಸ್ಟ್ರೇಲಿಯಾದ ನಿಲ್ದಾಣಗಳಲ್ಲಿ ಇಳಿದ ಮೂಲ ಸಂಕೇತ (ಸಿಗ್ನಲ್) ಟಿವಿಯಲ್ಲಿ ಬಂದದ್ದಕ್ಕಿಂತ ಎಷ್ಟೋ ಸ್ಪಷ್ಟವಾಗಿತ್ತು. ಅದನ್ನು ಮುದ್ರಿಸಿಕೊಂಡಿದ್ದ ಟೇಪುಗಳನ್ನು ಮುಂದೆ ಅಳಿಸಿ ಬೇರೆ ಕೆಲಸಕ್ಕೆ ಬಳಸಲಾಯಿತು ಎಂದು 2009ರಲ್ಲಿ ನಾಸಾ ಒಪ್ಪಿಕೊಂಡಿತು. ನಾವು ಇಂದು ನೋಡುವುದು ಟಿವಿ ಕಂಪನಿಗಳ ಬಳಿ ಉಳಿದಿದ್ದ ಪ್ರತಿಗಳಿಂದ ದುರಸ್ತಿ ಮಾಡಿದ್ದನ್ನು. ಆ ಮಟ್ಟಿಗೆ ಖಾಸಗಿಯವರ ಋಣ ಇದೆ. ಅದನ್ನು ಹೇಳದಿದ್ದರೆ ಅನ್ಯಾಯವಾದೀತು.

ಕೆಟ್ಟವು, ನಿಂತವು

1990ರ ಡಿಸೆಂಬರಿನಲ್ಲಿ ಜಪಾನಿನ ಟಿಬಿಎಸ್ ದೂರದರ್ಶನ ಸಂಸ್ಥೆ ತನ್ನ ವರದಿಗಾರ ತೊಯೊಹಿರೊ ಅಕಿಯಾಮಾ ಅವರನ್ನು ಸೋವಿಯತ್ ಸೋಯುಜ್ ನೌಕೆಯಲ್ಲಿ ಮೀರ್ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಿತು. ಬಾಹ್ಯಾಕಾಶಕ್ಕೆ ಹೋದ ಮೊದಲ ಪತ್ರಕರ್ತ ಅವರು. ಜಪಾನಿನ ಮೊದಲ ಗಗನಯಾತ್ರಿಯೂ ಅವರೇ. ಪತ್ರಕರ್ತರನ್ನು ಕಳುಹಿಸುವ ನಾಸಾದ ಯೋಜನೆ 1986ರ ಚಾಲೆಂಜರ್ ನೌಕೆಯ ದುರಂತದ ಬಳಿಕ ನಿಂತುಹೋಗಿತ್ತು. ಹಣದ ಮುಗ್ಗಟ್ಟಿನಲ್ಲಿದ್ದ ಮಾಸ್ಕೋ ಆಸನವನ್ನೂ ಮಾರಿತು, ಜಾಹೀರಾತಿಗೆ ರಾಕೆಟ್ಟಿನ ಮೈಯನ್ನೂ ಮಾರಿತು. ಹತ್ತು ವರ್ಷದ ನಂತರ ಪಿಜ್ಜಾ ಕಂಪನಿಯೊಂದರ ಲಾಂಛನ ರಷ್ಯದ ಪ್ರೋಟಾನ್ ರಾಕೆಟ್ ಏರಿತು. ಇವೆಲ್ಲ ನೋಡಲು ಅಸಂಬದ್ಧ ಅನ್ನಿಸಬಹುದು, ಹಾನಿ ಅಷ್ಟಿಲ್ಲ. ರಾಕೆಟ್ಟಿಗೆ ಅಂಟಿಸಿದ ಚೀಟಿ ರಾಕೆಟ್ಟಿನ ಜೊತೆ ಉರಿದುಹೋಗುತ್ತದೆ. ದೃಶ್ಯದ ಹಕ್ಕು ಹಾಗಲ್ಲ.

2000ದ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಡ್ರೀಮ್‌ಟೈಮ್ ಎಂಬ ಹೊಸ ಕಂಪನಿಯ ಜೊತೆ ನಾಸಾ ಮಾಡಿಕೊಂಡ ಒಪ್ಪಂದವನ್ನು ಈ ವಿಷಯದಲ್ಲಿ ಆಸಕ್ತಿ ಇರುವವರೆಲ್ಲ ಓದಬೇಕು. ನಾಸಾದ ಷಟಲ್ ನೌಕೆಗೂ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೂ ಹೈ ಡೆಫಿನಿಷನ್ ಕ್ಯಾಮೆರಾ ಒದಗಿಸುವುದು, ನಾಸಾದ ಹಳೆಯ ಫಿಲ್ಮು-ಫೋಟೋಗಳ ಭಂಡಾರವನ್ನು ಡಿಜಿಟಲ್ ರೂಪಕ್ಕೆ ತರುವುದು ಕಂಪನಿಯ ಹೊಣೆ. ಬದಲಿಗೆ ಆ ಸಾಮಗ್ರಿಯನ್ನು ವ್ಯಾಪಾರಕ್ಕೆ ಬಳಸಿಕೊಳ್ಳುವ ಅವಕಾಶ. ಸರ್ಕಾರದ ಕಿಸೆಯಿಂದ ಬಿಡಿಗಾಸು ಹೋಗದೆ ಭಂಡಾರವೂ ಉಳಿಯುತ್ತದೆ, ಹೊಸ ಕ್ಯಾಮೆರಾವೂ ಬರುತ್ತದೆ ಎಂಬ ಲೆಕ್ಕಾಚಾರ. ಆದರೆ ಡಾಟ್‌ಕಾಮ್ ಗುಳ್ಳೆ, ಅಂದರೆ ಇಂಟರ್ನೆಟ್ ಕಂಪನಿಗಳ ಷೇರುಗಳ ಉಬ್ಬರ, ಅಷ್ಟರಲ್ಲಿ ಒಡೆಯತೊಡಗಿತ್ತು. ಕಂಪನಿಯೂ ಅದರ ಭರವಸೆಗಳೂ ಕರಗಿದವು, ಒಪ್ಪಂದ ಅಂದುಕೊಂಡಂತೆ ಕೈಗೂಡಲಿಲ್ಲ. ದೀರ್ಘಕಾಲದ ಸಾರ್ವಜನಿಕ ಕೆಲಸವನ್ನು ಷೇರು ಮಾರುಕಟ್ಟೆಯ ಉಬ್ಬರಕ್ಕೆ ಕಟ್ಟಿಹಾಕಿದ ಫಲ ಇದು. 2007ರಲ್ಲಿ ಇದೇ ಭಂಡಾರದ ಕೆಲಸಕ್ಕೆ ನಾಸಾ ಇಂಟರ್ನೆಟ್ ಆರ್ಕೈವ್ ಎಂಬ ಲಾಭರಹಿತ ಸಂಸ್ಥೆಯ ಜೊತೆ ಕೈಜೋಡಿಸಿತು, ಅದೂ ಏಕಸ್ವಾಮ್ಯ ಕೊಡದೆ. ಈಗ ನಾಸಾದ ಚಿತ್ರಕೋಶ ಯಾರು ಬೇಕಾದರೂ ತೆರೆದು ನೋಡುವಂತಿದೆ.

ಹೊಂದಿಕೆಯಾದ ಪಾಲುದಾರಿಕೆಗಳೂ ಇವೆ. ಎಂಬತ್ತರ ದಶಕದಿಂದ ಐಮ್ಯಾಕ್ಸ್ ಕಂಪನಿ, ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯ ಮತ್ತು ಲಾಕ್‌ಹೀಡ್ ಸೇರಿ ಷಟಲ್‌ನಲ್ಲಿ ದೊಡ್ಡ ಫಿಲ್ಮಿನ ಕ್ಯಾಮೆರಾ ಕಳುಹಿಸಿದವು. ಅದನ್ನು ನಡೆಸುವುದನ್ನು ಗಗನಯಾತ್ರಿಗಳೇ ಕಲಿತರು. ನಾಸಾದ ಸ್ವಂತ ದೃಶ್ಯಗಳು ಎಂದಿನಂತೆ ಎಲ್ಲರಿಗೂ ಸಿಗುತ್ತಲೇ ಇದ್ದವು. ಐಮ್ಯಾಕ್ಸ್ ಮಾರಿದ್ದು ಆ ಅಗಾಧ ಪರದೆಯ ಅನುಭವವನ್ನು. ಜನ ಟಿಕೆಟ್ ಕೊಂಡು ನೋಡಿದರು. 2025ರ ಜೂನ್ ಕೊನೆಗೆ ಪ್ರಕಟವಾದ ನೆಟ್‌ಫ್ಲಿಕ್ಸ್ ಒಪ್ಪಂದವೂ ಇದೇ ಜಾತಿಯದು. ನಾಸಾದ ನೇರಪ್ರಸಾರ ನೆಟ್‌ಫ್ಲಿಕ್ಸ್‌ನಲ್ಲೂ ಬರುತ್ತದೆ, ನಾಸಾದ ಸ್ವಂತ ವೇದಿಕೆಯಲ್ಲಿ ಜಾಹೀರಾತಿಲ್ಲದೆ ಪುಕ್ಕಟೆಯಾಗಿಯೂ ಮುಂದುವರಿಯುತ್ತದೆ. ಎಲ್ಲವನ್ನೂ ಪುಕ್ಕಟೆ ಕೊಟ್ಟರೆ ಯಾವ ಕಂಪನಿ ಬಂದೀತು ಎಂದು ಕೇಳುವವರಿಗೆ ಇವೆರಡೇ ಉತ್ತರ ಸಾಕು.

ರಾಕೆಟ್ಟೇ ಖಾಸಗಿಯಾದಾಗ

ಇಲ್ಲಿಯವರೆಗಿನ ಕಥೆಯಲ್ಲಿ ಯಾತ್ರೆ ಸರ್ಕಾರದ್ದು, ಕ್ಯಾಮೆರಾ ಖಾಸಗಿಯದು. ಈಗ ಯಾತ್ರೆಯೇ ಖಾಸಗಿ, ಸರ್ಕಾರ ಗಿರಾಕಿ. ಲೆಕ್ಕ ತಲೆಕೆಳಗಾಗುವುದು ಇಲ್ಲಿ.

ಸ್ಪೇಸ್‌ಎಕ್ಸ್ 2015ರಲ್ಲಿ ತನ್ನ ಛಾಯಾಚಿತ್ರಗಳ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟು ಯಾರು ಬೇಕಾದರೂ ಬಳಸಲಿ ಎಂದಿತು. ಕೆಲವು ವರ್ಷಗಳ ನಂತರ ವಾಣಿಜ್ಯ ಬಳಕೆಗೆ ನಿರ್ಬಂಧ ಹಾಕಿತು. ಎರಡನ್ನೂ ಮಾಡುವ ಸ್ವಾತಂತ್ರ್ಯ ಅದಕ್ಕಿದೆ. ಅಂದರೆ ಆ ಉದಾರತೆಯನ್ನು ಯಾರೂ ನೆಚ್ಚಿಕೊಳ್ಳುವಂತಿಲ್ಲ. 2023ರಲ್ಲಿ ತನ್ನ ನೇರಪ್ರಸಾರವನ್ನು ಯೂಟ್ಯೂಬ್‌ನಿಂದ ಎಕ್ಸ್‌ಗೆ ಒಯ್ದಿತು. ಸ್ಪೇಸ್‌ಎಕ್ಸ್‌ಗೂ ಎಕ್ಸ್‌ಗೂ (ಹಿಂದಿನ ಟ್ವಿಟರ್) ಯಜಮಾನ ಒಬ್ಬರೇ.

2024ರ ಫೆಬ್ರುವರಿ 22ರಂದು ಇಂಟ್ಯುಯಿಟಿವ್ ಮಷೀನ್ಸ್ ಎಂಬ ಅಮೆರಿಕದ ಕಂಪನಿಯ ಒಡಿಸ್ಸಿಯಸ್ ನೌಕೆ ಚಂದ್ರನ ಮೇಲೆ ಇಳಿಯಿತು. ನಾಸಾ ಉಪಕರಣಗಳನ್ನು ಒಯ್ಯಲು ಹಣ ಕೊಟ್ಟಿದ್ದ ಗಿರಾಕಿ. ನೌಕೆ ನೆಟ್ಟಗೆ ನಿಂತಿದೆ ಎಂದು ಅಂದು ಕಂಪನಿ ಹೇಳಿತು. ಅದು ಪಕ್ಕಕ್ಕೆ ವಾಲಿ ಬಿದ್ದಿದೆ ಎಂದು ಮರುದಿನ ಹೇಳಿತು. ಷೇರು ಬೆಲೆ ಇಳಿಯಿತು. ಕಂಪನಿ ಬೇಕೆಂದೇ ಮುಚ್ಚಿಟ್ಟಿತು ಎಂದು ನಾನು ಹೇಳುತ್ತಿಲ್ಲ. ದೂರದಿಂದ ಬಂದ ಮೊದಲ ಮಾಹಿತಿ ತಪ್ಪಾಗಿರುವುದು ಸಹಜ. ಆದರೆ ಚಂದ್ರನ ಸುದ್ದಿಯೂ ಷೇರು ಪೇಟೆಯ ಸುದ್ದಿಯೂ ಒಂದೇ ಆದಾಗ, ಅದನ್ನು ಹೇಳುವ ಬಾಯಿಯೂ ಕಂಪನಿಯದೇ ಆದಾಗ, ಕೇಳುವವನು ಎಷ್ಟು ಎಚ್ಚರವಾಗಿರಬೇಕು ಎಂಬುದು ಆ ಒಂದು ದಿನದಲ್ಲಿ ತಿಳಿಯಿತು.

ಎಲ್ಲಕ್ಕಿಂತ ವಿಚಿತ್ರವಾದದ್ದು 2012ರ ಆಗಸ್ಟ್‌ನಲ್ಲಿ ನಡೆಯಿತು. ಕ್ಯೂರಿಯಾಸಿಟಿ ರೋವರ್ ಮಂಗಳನಲ್ಲಿ ಇಳಿದ ಕೆಲವೇ ಹೊತ್ತಿನಲ್ಲಿ ನಾಸಾದ ಅಧಿಕೃತ ಯೂಟ್ಯೂಬ್ ಪುಟದಲ್ಲಿದ್ದ ದೃಶ್ಯ ಮಾಯವಾಯಿತು. ಕಾರಣ: ಅಮೆರಿಕದ ಸ್ಕ್ರಿಪ್ಸ್ ಎಂಬ ಸುದ್ದಿಸಂಸ್ಥೆಯ ಹೆಸರಿನಲ್ಲಿ ಅದರ ಮೇಲೆ ಯೂಟ್ಯೂಬಿಗೆ ಕೃತಿಸ್ವಾಮ್ಯದ ದೂರು ಹೋಗಿತ್ತು. ತಾನೇ ತೆಗೆದ, ಯಾರಿಗೂ ಕೃತಿಸ್ವಾಮ್ಯವಿಲ್ಲದ ದೃಶ್ಯವನ್ನು ನಾಸಾ ತನ್ನದೇ ಪುಟದಲ್ಲಿ ತೋರಿಸದಂತಾಯಿತು. ಕೆಲವು ಗಂಟೆಗಳಲ್ಲಿ ತಪ್ಪು ಸರಿಯಾಯಿತು. ಸರಿಯಾದದ್ದು ನಾಸಾ ನಾಸಾ ಆಗಿದ್ದರಿಂದ.

ಶಿವಮೊಗ್ಗದಲ್ಲೋ ಸಾಗರದಲ್ಲೋ ಒಂದು ಮೊಬೈಲ್, ಒಂದು ಮೈಕು ಇಟ್ಟುಕೊಂಡು ಸುದ್ದಿಯ ಯೂಟ್ಯೂಬ್ ಚಾನೆಲ್ ನಡೆಸುವವನ ಮೇಲೆ ಇಂಥ ದೂರು ಬಂದರೆ ಕೇಳುವವರು ಯಾರು? 90 ದಿನಗಳಲ್ಲಿ ಮೂರು ಸ್ಟ್ರೈಕ್ (ಕೃತಿಸ್ವಾಮ್ಯದ ಎಚ್ಚರಿಕೆ) ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಸುದ್ದಿ ವರದಿಗೆ, ತರಗತಿಯ ಪಾಠಕ್ಕೆ ದೃಶ್ಯ ಬಳಸಲು ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52 ಅವಕಾಶ ಕೊಟ್ಟಿದೆ, ನಿಜ. ಅದನ್ನು ನ್ಯಾಯಾಲಯದಲ್ಲಿ ವಾದಿಸಿ ಗೆಲ್ಲುವ ಹೊತ್ತಿಗೆ ಚಂದ್ರನ ಸುದ್ದಿ ಹಳಸಿರುತ್ತದೆ, ವಕೀಲರ ಶುಲ್ಕದಲ್ಲಿ ಚಾನೆಲ್ ಮುಳುಗಿರುತ್ತದೆ. ಏಕಸ್ವಾಮ್ಯದ ಹಕ್ಕು ಮಾರಾಟವಾದ ಮರುಗಳಿಗೆಯಲ್ಲಿ ದೊಡ್ಡ ವಾಹಿನಿಗಳು ತಮ್ಮತಮ್ಮಲ್ಲಿ ಏನಾದರೂ ಹೊಂದಾಣಿಕೆ ಮಾಡಿಕೊಳ್ಳುತ್ತವೆ. ಮೊದಲು ಕೈಬಿಟ್ಟುಹೋಗುವುದು ಜಿಲ್ಲಾಕೇಂದ್ರದ ದಿನಪತ್ರಿಕೆ, ಊರಿನ ಕೇಬಲ್ ಚಾನೆಲ್, ಶಾಲೆಯ ವಿಜ್ಞಾನ ಮೇಷ್ಟ್ರು.

ನಮ್ಮ ಕಾನೂನು ಎಲ್ಲಿ ನಿಂತಿದೆ

ಭಾರತದಲ್ಲಿ ಬಾಹ್ಯಾಕಾಶಕ್ಕೂ ಟಿವಿಗೂ ನಂಟು ಕೂಡಿದ್ದೇ ಸಾರ್ವಜನಿಕ ಉದ್ದೇಶದಿಂದ. 1975ರ ಆಗಸ್ಟ್‌ನಿಂದ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹವನ್ನು ಬಳಸಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮ ತೋರಿಸಲಾಯಿತು. ಕರ್ನಾಟಕದ ಪಾಲು ಬಂದದ್ದು ಉತ್ತರದ ಜಿಲ್ಲೆಗಳಿಗೆ, ಮಲೆನಾಡಿಗಲ್ಲ. 1984ರಲ್ಲಿ ರಾಕೇಶ್ ಶರ್ಮಾ ಇಂದಿರಾ ಗಾಂಧಿಯವರೊಡನೆ ಮಾತಾಡಿದ್ದನ್ನು ದೂರದರ್ಶನ ತೋರಿಸಿತು. ಆಗ ಹಕ್ಕಿನ ಪ್ರಶ್ನೆಯೇ ಏಳಲಿಲ್ಲ, ಇದ್ದದ್ದು ಒಂದೇ ವಾಹಿನಿ.

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಇಳಿಯಿತು. ಇಸ್ರೋದ ಯೂಟ್ಯೂಬ್ ಪ್ರಸಾರವನ್ನು ಏಕಕಾಲಕ್ಕೆ 80 ಲಕ್ಷಕ್ಕೂ ಹೆಚ್ಚು ಮಂದಿ ನೋಡಿದರು. ಆ ವೇದಿಕೆಯಲ್ಲಿ ಅದೊಂದು ದಾಖಲೆ. ಶಿಕ್ಷಣ ಸಂಸ್ಥೆಗಳಲ್ಲಿ ನೇರಪ್ರಸಾರ ತೋರಿಸುವಂತೆ ಯುಜಿಸಿ ಕೋರಿತ್ತು. ಮೂಲ ಸಂಕೇತ ಇಸ್ರೋದ್ದು, ಹರಿದದ್ದು ಖಾಸಗಿ ಕಂಪನಿಯ ವೇದಿಕೆಯಲ್ಲಿ, ದೂರದರ್ಶನದಲ್ಲಿ ಮತ್ತು ಎಲ್ಲ ವಾಹಿನಿಗಳಲ್ಲಿ. ಅಂದರೆ ಪಾಲುದಾರಿಕೆ ಈಗಾಗಲೇ ಇದೆ, ಬಾಗಿಲು ಮಾತ್ರ ಎಲ್ಲರಿಗೂ ತೆರೆದಿದೆ. 2019ರಲ್ಲಿ ಚಂದ್ರಯಾನ-2ರ ರಾತ್ರಿ ನ್ಯಾಷನಲ್ ಜಿಯಾಗ್ರಫಿಕ್ ವಾಹಿನಿ ಅಮೆರಿಕದ ಮಾಜಿ ಗಗನಯಾತ್ರಿ ಜೆರ್ರಿ ಲಿನೆಂಜರ್ ಅವರನ್ನು ಕೂರಿಸಿಕೊಂಡು ವಿಶೇಷ ಪ್ರಸಾರ ಮಾಡಿತ್ತು. ಅದೇ ಹೊತ್ತಿಗೆ ದೂರದರ್ಶನದಲ್ಲೂ ನೋಡಬಹುದಿತ್ತು. ನನ್ನ ಮಟ್ಟಿಗೆ ಸರಿಯಾದ ಮಾದರಿ ಅದೇ.

ಆದರೆ ಈ ತೆರೆದ ಬಾಗಿಲಿಗೆ ಕಾನೂನಿನ ಚೌಕಟ್ಟಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸರ್ಕಾರಿ ಕೃತಿಯ ಮೊದಲ ಹಕ್ಕುದಾರ ಸರ್ಕಾರವೇ, ಅದೂ 60 ವರ್ಷ. ಅಮೆರಿಕಕ್ಕೆ ತೀರಾ ವಿರುದ್ಧ. ಹಕ್ಕು ಇದ್ದವನು ಅದನ್ನು ಮಾರಬಹುದು. ಮಾಹಿತಿಯನ್ನು ವ್ಯಾಪಕವಾಗಿ ಹಂಚು ಎಂದು ಇಸ್ರೋಗೆ ಆಜ್ಞೆ ಮಾಡುವ ಕಾಯ್ದೆಯೂ ಇಲ್ಲ; 2017ರಲ್ಲಿ ಹೊರಬಂದ ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡು ಕಾಯ್ದೆಯಾಗಲಿಲ್ಲ. 2023ರ ಬಾಹ್ಯಾಕಾಶ ನೀತಿ ಖಾಸಗಿಯವರಿಗೆ ದಾರಿ ತೆರೆಯಿತು. ಸ್ಕೈರೂಟ್, ಅಗ್ನಿಕುಲ್‌ನಂಥ ಕಂಪನಿಗಳು ಆಗಲೇ ರಾಕೆಟ್ ಹಾರಿಸಿವೆ. ಅವಕ್ಕೆ ಅನುಮತಿ ಕೊಡುವುದು 2020ರಲ್ಲಿ ರೂಪುಗೊಂಡ ಇನ್‌-ಸ್ಪೇಸ್ ಎಂಬ ಸರ್ಕಾರಿ ಸಂಸ್ಥೆ.

ಮಾಧ್ಯಮ ಮತ್ತು ಬಾಹ್ಯಾಕಾಶ ಸೇರಿದ ಒಪ್ಪಂದದಿಂದ ನಾವು ಒಮ್ಮೆ ಕೈ ಸುಟ್ಟುಕೊಂಡದ್ದೂ ಇದೆ. 2005ರಲ್ಲಿ ಇಸ್ರೋದ ವಾಣಿಜ್ಯ ಅಂಗ ಆಂಟ್ರಿಕ್ಸ್, ಬೆಂಗಳೂರಿನ ದೇವಾಸ್ ಮಲ್ಟಿಮೀಡಿಯಾದೊಂದಿಗೆ ಉಪಗ್ರಹದ ಮೂಲಕ ಮೊಬೈಲ್‌ಗಳಿಗೆ ದೃಶ್ಯ-ಶ್ರವ್ಯ ಸೇವೆ ಒದಗಿಸುವ ಕರಾರು ಮಾಡಿಕೊಂಡಿತು. ಎಸ್-ಬ್ಯಾಂಡ್ ತರಂಗಾಂತರದ ಬೆಲೆಯ ಬಗ್ಗೆ ಗುಲ್ಲೆದ್ದು 2011ರಲ್ಲಿ ಕರಾರು ರದ್ದಾಯಿತು. 2015ರಲ್ಲಿ ಅಂತರರಾಷ್ಟ್ರೀಯ ಪಂಚಾಯ್ತಿ ಆಂಟ್ರಿಕ್ಸ್ ವಿರುದ್ಧ 56.25 ಕೋಟಿ ಡಾಲರ್ ಪರಿಹಾರದ ತೀರ್ಪು ಕೊಟ್ಟಿತು. 2022ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಆ ಕಂಪನಿಯೇ ವಂಚನೆಯಿಂದ ಹುಟ್ಟಿದ್ದು ಎಂದು ಅದನ್ನು ಮುಚ್ಚುವ ಆದೇಶವನ್ನು ಎತ್ತಿಹಿಡಿಯಿತು. ಜಗಳ ವಿದೇಶಿ ನ್ಯಾಯಾಲಯಗಳಲ್ಲಿ ಆಮೇಲೂ ಮುಂದುವರಿಯಿತು. ಅಲ್ಲಿ ಕೊಟ್ಟದ್ದು ತರಂಗಾಂತರ, ಇಲ್ಲಿನ ಮಾತು ದೃಶ್ಯ. ಎರಡೂ ಒಂದೇ ಅಲ್ಲ. ಕೊಡುವ ವಸ್ತುವಿನ ಬೆಲೆ ಏನು, ಅದು ಯಾರದು ಎಂಬುದನ್ನು ಸಹಿ ಹಾಕಿದ ಮೇಲೆ ಯೋಚಿಸಿದರೆ ಏನಾಗುತ್ತದೆ ಎಂಬುದು ಮಾತ್ರ ಒಂದೇ.

ದಾರಿ ಹುಡುಕಲು ಅಮೆರಿಕಕ್ಕೆ ಹೋಗಬೇಕಿಲ್ಲ, ಕ್ರಿಕೆಟ್ ಮೈದಾನಕ್ಕೆ ಹೋದರೆ ಸಾಕು. ಪ್ರಸಾರದ ತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದ್ದು ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ. 2007ರಲ್ಲಿ ಬಂದ ಕಾಯ್ದೆಯಂತೆ, ರಾಷ್ಟ್ರೀಯ ಮಹತ್ವದ್ದೆಂದು ಘೋಷಿಸಿದ ಪಂದ್ಯಗಳ ಹಕ್ಕನ್ನು ಯಾರೇ ಕೊಂಡಿರಲಿ, ನೇರ ಸಂಕೇತವನ್ನು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕು. ಟಿವಿ ಪ್ರಸಾರದ ಜಾಹೀರಾತಿನ ವರಮಾನ 75:25ರಂತೆ ಹಂಚಿಕೆ, ಹೆಚ್ಚಿನ ಪಾಲು ಹಕ್ಕು ಕೊಂಡವರಿಗೆ. ಇದರಿಂದ ಕ್ರೀಡಾ ವಾಹಿನಿಗಳೇನೂ ದಿವಾಳಿಯಾಗಲಿಲ್ಲ. ವಿಶ್ವಕಪ್ ಪಂದ್ಯಕ್ಕೆ ಇರುವ ಈ ರಕ್ಷಣೆ ಭಾರತದ ನೆಲದಿಂದ ಭಾರತೀಯರು ಮೊದಲ ಬಾರಿ ಬಾಹ್ಯಾಕಾಶಕ್ಕೆ ಏರುವ ಗಳಿಗೆಗೆ ಇಲ್ಲ. ಕ್ರಿಕೆಟ್ಟಿನಲ್ಲಿ ಸಂಕೇತ ಖಾಸಗಿಯವರದು, ಅವರಿಂದ ಪಡೆಯಲು ಕಾನೂನು ಬೇಕಾಯಿತು. ಇಸ್ರೋದ ಯಾತ್ರೆಗಳಲ್ಲಿ ಅದು ಸಾರ್ವಜನಿಕರದೇ, ಕಳೆದುಕೊಳ್ಳದಿದ್ದರೆ ಸಾಕು. ಖಾಸಗಿ ಉಡಾವಣೆಗಳಿಗಾದರೆ ಇನ್‌-ಸ್ಪೇಸ್ ಅನುಮತಿ ಪತ್ರದಲ್ಲೇ ಸಂಕೇತ ಹಂಚಿಕೆಯ ಷರತ್ತು ಸೇರಿಸಬಹುದು. ಎಂಜಿನ್ನಿನ ಒಳಗುಟ್ಟುಗಳನ್ನು ಕಂಪನಿಗಳು ಬೇಕಾದರೆ ಮುಚ್ಚಿಟ್ಟುಕೊಳ್ಳಲಿ.

ಷರತ್ತುಗಳಲ್ಲಿ ನಾನು ಹಟ ಹಿಡಿಯುವುದು ಮುಖ್ಯವಾಗಿ ಒಂದಕ್ಕೆ: ಕೆಡುಕಾದಾಗ ಪ್ರಸಾರ ನಿಲ್ಲಿಸುವ ಅಧಿಕಾರ ಪ್ರಾಯೋಜಕರ ಕೈಯಲ್ಲಿ ಇರಬಾರದು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ನೌಕೆ ಚಂದ್ರನಿಂದ 2.1 ಕಿಲೋಮೀಟರ್ ಎತ್ತರದಲ್ಲಿದ್ದಾಗ ಸಂಪರ್ಕ ಕಡಿಯಿತು. ಪೀಣ್ಯದ ನಿಯಂತ್ರಣ ಕೊಠಡಿಯ ಮೌನವನ್ನು, ವಿಜ್ಞಾನಿಗಳ ಮುಖವನ್ನು ದೇಶ ನೇರವಾಗಿ ನೋಡಿತು. ವಿವರಣೆ ಸಾಲದಾಗಿತ್ತು ಎಂದು ದೂರಬಹುದು, ದೃಶ್ಯ ಮಾತ್ರ ನಿಲ್ಲಲಿಲ್ಲ. ಚಹಾ ಪುಡಿ ಕಂಪನಿಯೊಂದು ಆ ಪ್ರಸಾರದ ಒಡೆತನ ಹೊಂದಿದ್ದರೆ ಆ ಕ್ಷಣಕ್ಕೆ ಸರಿಯಾಗಿ ಜಾಹೀರಾತು ಬರುತ್ತಿತ್ತು. ಮನುಷ್ಯರು ಒಳಗಿರುವ ನೌಕೆಯಲ್ಲಿ ಕುಟುಂಬದವರ ಮರ್ಯಾದೆಗಾಗಿ ಕೆಲವು ದೃಶ್ಯ ತಡೆಯಬೇಕಾದೀತು. ಆ ತೀರ್ಮಾನವನ್ನು ಸಂಸದರಿಗೆ ಉತ್ತರ ಕೊಡಬೇಕಾದ ಸಂಸ್ಥೆ ಮಾಡಲಿ.

ಮಳೆ, ಟವರ್, ಕನ್ನಡ

ಹಕ್ಕು ಉಳಿದರೂ ದೃಶ್ಯ ತೀರ್ಥಹಳ್ಳಿಯ ಒಳಭಾಗಕ್ಕೋ ಹೊಸನಗರದ ಹಿನ್ನೀರಿನ ಹಳ್ಳಿಗೋ ತಲುಪಬೇಕಲ್ಲ. ಶುಕ್ಲಾ ಹಾರಿದ್ದು ಆರಿದ್ರಾ ಮಳೆಯಲ್ಲಿ. ಆರದೆ ಹೊಯ್ಯುತ್ತದೆಂದು ಹೆಸರಾದ ಮಳೆ ಅದು. ಡಿಟಿಎಚ್ ಬಳಸುವ ಕೆಯು-ಬ್ಯಾಂಡ್ ತರಂಗಗಳನ್ನು ದಟ್ಟ ಮಳೆಹನಿ ಹೀರಿ ಚದುರಿಸುತ್ತದೆ, ಪರದೆ ಚೌಕಚೌಕವಾಗಿ ಒಡೆಯುತ್ತದೆ. ಆಗುಂಬೆ ಸುತ್ತಿನವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಚಂದ್ರಯಾನ-3ರ ಆಗಸ್ಟ್‌ನಲ್ಲಿ ಮಳೆಯೇ ಕೈಕೊಟ್ಟಿದ್ದರಿಂದ ಡಿಶ್ ಕೈಕೊಡಲಿಲ್ಲ ಅಷ್ಟೆ. ಇಂಟರ್ನೆಟ್ ಕಥೆ ಇನ್ನೂ ಕಷ್ಟ. ಶರಾವತಿ ಹಿನ್ನೀರಿನ ಹಳ್ಳಿಗಳವರು ‘ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ’ ಎಂದು ಹೋರಾಟಕ್ಕೆ ಇಳಿದದ್ದು ತೀರಾ ಹಳೆಯ ಮಾತಲ್ಲ. ನೇರಪ್ರಸಾರವನ್ನು ಒಂದೇ ಒಟಿಟಿಗೆ ಕೊಟ್ಟರೆ ಈ ಊರುಗಳ ಪಾಲಿಗೆ ಅದು ಪ್ರಸಾರವೇ ಅಲ್ಲ. ದೂರದರ್ಶನದ ಡಿಟಿಎಚ್ ಸೇವೆಯಾದ ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ. ಅದನ್ನು ಹೊತ್ತ ಜಿಸ್ಯಾಟ್-15 ಉಪಗ್ರಹದ ಮೇಲ್ವಿಚಾರಣೆ ಪಕ್ಕದ ಹಾಸನದ ಕೇಂದ್ರದಿಂದಲೇ ನಡೆಯುತ್ತದೆ. ಮಳೆ ಜೋರಾದರೆ ಅದೂ ಹೋಗುತ್ತದೆ, ಆಗ ಉಳಿಯುವುದು ಭದ್ರಾವತಿ ಆಕಾಶವಾಣಿ. ಬಾಹ್ಯಾಕಾಶಕ್ಕೆ ರೇಡಿಯೋ ವೀಕ್ಷಕ ವಿವರಣೆಯೇ ಎಂದು ನಗುವವರು ಕ್ರಿಕೆಟ್ಟನ್ನು ಒಂದು ತಲೆಮಾರು ಹೇಗೆ ‘ನೋಡಿತು’ ಎಂಬುದನ್ನು ನೆನಪಿಸಿಕೊಳ್ಳಲಿ.

ಖಾಸಗಿ ಪಾಲುದಾರರು ನಿಜಕ್ಕೂ ಬೇಕಾದದ್ದು ಭಾಷೆಯ ಕೆಲಸಕ್ಕೆ. ಉಡಾವಣೆಯ ದಿನ ನಾವು ಹೆಚ್ಚಾಗಿ ಕೇಳುವುದು ಇಂಗ್ಲಿಷ್ ಮತ್ತು ಹಿಂದಿ ವಿವರಣೆ. ಇಸ್ರೋದ ಎಂಜಿನಿಯರುಗಳು ಟಿವಿ ನಿರೂಪಕರಲ್ಲ, ಆಗಬೇಕಾಗಿಯೂ ಇಲ್ಲ. ಎರಡು ಗಂಟೆ ಕನ್ನಡದಲ್ಲಿ ತಪ್ಪಿಲ್ಲದೆ, ಬೇಸರ ಬರಿಸದೆ ವಿವರಿಸುವುದು ಬೇರೆಯೇ ಕಸುಬು. ಹೆಗ್ಗೋಡಿನ ನೀನಾಸಂ ಎಪ್ಪತ್ತರ ದಶಕದಲ್ಲಿ ಚಿತ್ರಸಮಾಜ ಕಟ್ಟಿ ಜಗತ್ತಿನ ಸಿನಿಮಾಗಳನ್ನು ಹಳ್ಳಿಯವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ ತೋರಿಸಿತು. ಅದು ಸಾಧ್ಯವಾದದ್ದು ಸಿನಿಮಾದ ಪ್ರತಿಗಳು ಹೆಗ್ಗೋಡಿನಂಥ ಹಳ್ಳಿಗೂ ದೊರಕಿದ್ದರಿಂದ. ಇಸ್ರೋದ ಮೂಲ ದೃಶ್ಯವೂ ಹಾಗೆ ಸಿಕ್ಕರೆ ಕನ್ನಡದ ವಾಹಿನಿಯೊಂದು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿಗಳು, ಉತ್ಸಾಹಿ ಯೂಟ್ಯೂಬರ್ ಒಬ್ಬ ತಮ್ಮತಮ್ಮ ರೀತಿಯಲ್ಲಿ ಅದರ ಮೇಲೆ ಕೆಲಸ ಮಾಡಬಹುದು. ಜಾಹೀರಾತು ಹಾಕಿ ದುಡಿದುಕೊಳ್ಳಲಿ, ಯಾರಿಗೂ ಹೊಟ್ಟೆಯುರಿ ಬೇಡ. ಪ್ರಸಾರ ಭಾರತಿ 2024ರ ಮಾರ್ಚ್‌ನಲ್ಲಿ ‘ಶಬ್ದ್’ ಎಂಬ ಸುದ್ದಿಸೇವೆ ಶುರುಮಾಡಿ ಪತ್ರಿಕೆ, ವಾಹಿನಿಗಳಿಗೆ ಭಾರತೀಯ ಭಾಷೆಗಳಲ್ಲಿ ದೃಶ್ಯ, ಧ್ವನಿ, ಪಠ್ಯ ಒದಗಿಸತೊಡಗಿತು, ಮೊದಲ ವರ್ಷ ಪುಕ್ಕಟೆಯಾಗಿ. ಮೂಲ ದೃಶ್ಯ ಹಂಚಲು ಹೊಸ ಕಟ್ಟಡವನ್ನೇನೂ ಎಬ್ಬಿಸಬೇಕಿಲ್ಲ.

ಗಗನಯಾತ್ರಿಗಳ ಸಂದರ್ಶನ, ಸಾಕ್ಷ್ಯಚಿತ್ರ, ಪುಸ್ತಕಗಳ ಹಕ್ಕಿಗೆ ಏಕಸ್ವಾಮ್ಯ ಕೊಡುವುದಾದರೆ ಅದಕ್ಕೊಂದು ಅವಧಿ ಇರಲಿ, ಸಿಕ್ಕ ಹಣ ಎಲ್ಲಿಗೆ ಹೋಯಿತು ಎಂಬುದು ತಿಳಿಯಲಿ. ಇಂಥ ಒಪ್ಪಂದಗಳ ವಿವರ ಕೇಳಿದರೆ ವಾಣಿಜ್ಯ ಗೋಪ್ಯತೆ ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಡಿ) ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ವಿಶಾಲ ಸಾರ್ವಜನಿಕ ಹಿತಾಸಕ್ತಿ ಇದ್ದರೆ ಕೊಡಬೇಕೆಂದು ಅದೇ ಸೆಕ್ಷನ್ ಹೇಳುತ್ತದೆ, ಮತ್ತು ತಾನು ಕೊಟ್ಟ ರಿಯಾಯಿತಿ, ಪರವಾನಗಿಗಳ ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು ಸೆಕ್ಷನ್ 4 ಹೇಳುತ್ತದೆ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಗಗನಯಾನದ ದೃಶ್ಯಗಳ ಬಗ್ಗೆ ಯಾರೊಂದಿಗಾದರೂ ಒಪ್ಪಂದ ಆಗಿದೆಯೇ, ಅದು ಏಕಸ್ವಾಮ್ಯವೇ, ಎಷ್ಟು ಅವಧಿಗೆ, ಮೂಲ ಪ್ರತಿ ಯಾರ ಬಳಿ ಉಳಿಯುತ್ತದೆ, ತುರ್ತು ಸಂದರ್ಭದಲ್ಲಿ ಪ್ರಸಾರ ನಿಲ್ಲಿಸುವ ಅಧಿಕಾರ ಯಾರದು: ಈ ಐದು ಪ್ರಶ್ನೆಗಳನ್ನು ಬಾಹ್ಯಾಕಾಶ ಇಲಾಖೆಗೆ ಅಂಚೆಯಲ್ಲಿ ಕಳುಹಿಸಲು ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವ ಅಗತ್ಯವೂ ಇಲ್ಲ. ಉಡಾವಣೆಗೆ ಮೊದಲೇ ಕಳುಹಿಸಬೇಕು ಅಷ್ಟೆ.